ಉಪವಾಸದ ಉಪ್ಪು

ಉಪ್ಪು ನೀರಿನಲ್ಲಿ ಕರಗಿ ಹೋಯಿತು ಎಂದು ಯಾರಾದರೂ ಬರೆದರೆ ನನಗೆ ಮೈ ಉರಿಯುತ್ತದೆ. ದ್ರಾವಣಗಳ ಪಾಠ ಮುಗಿದ ಮೇಲೆ ಪ್ರತಿ ವರ್ಷ ಒಂಬತ್ತನೆಯ ತರಗತಿಯ ಉತ್ತರ ಪತ್ರಿಕೆಗಳಲ್ಲಿ ಇದೇ ವಾಕ್ಯ. ಕೈಬರಹ ಬೇರೆ ಬೇರೆ, ತಪ್ಪು ಮಾತ್ರ ಒಂದೇ. ನಾನು ಕೆಂಪು ಪೆನ್ನು ತೆಗೆದು ‘ಹೋಯಿತು’ ಎಂಬ ಪದವನ್ನಷ್ಟೇ ಹೊಡೆದು ಹಾಕುತ್ತೇನೆ. ಕರಗಿತು ಅಂದರೆ ಸಾಕು. ಹೋಗುವುದು ಎಲ್ಲಿಗೆ? ಲೋಟದಲ್ಲೇ ಇದೆಯಲ್ಲ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ.

ಮಕ್ಕಳನ್ನು ಬೈದು ಪ್ರಯೋಜನವಿಲ್ಲ, ನಮ್ಮ ಮಾತೇ ಹಾಗಿದೆ. ಬೆಣ್ಣೆ ಕರಗಿ ಹೋಯಿತು, ಮೋಡ ಕರಗಿ ಹೋಯಿತು, ಜ್ವರದಲ್ಲಿ ಮೈ ಕರಗಿ ಹೋಯಿತು ಎಂದು ಎಲ್ಲದಕ್ಕೂ ಬಾಲ ಅಂಟಿಸುತ್ತೇವೆ. ನಾನು ಕಲಿಸುವ ಹೈಸ್ಕೂಲು ರಾಯಬಾಗದಿಂದ ಮುಗಳಖೋಡದ ಕಡೆ ಹೋಗುವ ರಸ್ತೆಯ ಒಂದು ಹಳ್ಳಿಯಲ್ಲಿದೆ. ಅಲ್ಲಿ ಮನೆಯಲ್ಲಿ ಮರಾಠಿ ಆಡುವ ಮಕ್ಕಳೂ ಇದ್ದಾರೆ. ಅವರಿಗೆ ಬೆಣ್ಣೆ ಕರಗುವುದಕ್ಕೆ ಒಂದು ಪದ, ಉಪ್ಪು ಕರಗುವುದಕ್ಕೆ ಇನ್ನೊಂದು ಪದ ಇದೆ. ಅವರಾದರೂ ಸರಿಯಾಗಿ ಹೇಳುತ್ತಾರೆಂದು ಕೇಳಿದರೆ ಅವರೂ ಕೊನೆಗೆ ಬಾಲ ಅಂಟಿಸಿಯೇ ಬಿಡುತ್ತಾರೆ. ಅದಕ್ಕೇ ನಾನು ಪಾಠವನ್ನು ಪುಸ್ತಕದಿಂದ ಶುರು ಮಾಡುವುದಿಲ್ಲ. ಒಂದು ಲೋಟ ನೀರು, ಒಂದು ಚಮಚ ಉಪ್ಪು, ಒಂದು ತಕ್ಕಡಿ. ಹಾಕುವ ಮುಂಚೆ ಎರಡನ್ನೂ ಒಟ್ಟಿಗೆ ತೂಗು, ಹಾಕಿ ಕದಡಿದ ಮೇಲೆ ತೂಗು. ಎರಡೂ ಒಂದೇ ಬಂದರೆ ಹೋಗಿದ್ದೇನು ಬಂದದ್ದೇನು ಎಂದು ಕೇಳುತ್ತೇನೆ. ಉತ್ತರ ಬರದಿದ್ದರೆ ನಾಲಿಗೆಯ ಮೇಲೆ ಒಂದೊಂದು ಹನಿ ಹಾಕುತ್ತೇನೆ. ಮುಖ ಕಿವಿಚುತ್ತಾರೆ, ಆಗ ಸ್ವಲ್ಪ ತಲೆಗೆ ಹೋಗುತ್ತದೆ.

ಈ ಪಾಠವೇ ನನ್ನ ಮನೆಗೆ ಬಂದು ಕೂರುತ್ತದೆ ಎಂದು ಯಾರಿಗೆ ಗೊತ್ತಿತ್ತು?

ನಮ್ಮವರು, ಅಂದರೆ ನನ್ನ ಗಂಡ, ರಾಯಬಾಗದ ಬಸ್ ಸ್ಟ್ಯಾಂಡಿನ ಹಿಂದೆ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದರು. ಸುತ್ತಲೂ ಕಬ್ಬಿನ ಸೀಮೆ, ಬೋರ್‌ವೆಲ್ ಮೋಟರುಗಳು ಸುಡುತ್ತಲೇ ಇರುತ್ತವೆ. ಸುಟ್ಟ ತಂತಿ ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತುವುದು ಅವರ ಕೆಲಸ. ಊಟಕ್ಕೆ ಕೂತಾಗಲೂ ಕೈಗೆ ವಾರ್ನಿಶ್ ವಾಸನೆ. ಬಿಪಿ ಇದೆ, ಗುಳಿಗೆ ತಗೊಳ್ಳಿ ಎಂದು ಹೇಳಿ ಹೇಳಿ ನನ್ನ ಬಾಯಿ ನೋಯಿತು. ಆರಾಮ ಇದ್ದೇನಲ್ಲ ಎಂದು ನಗುತ್ತಿದ್ದರು. ಒಂದು ಬೆಳಿಗ್ಗೆ ಚಪ್ಪಲಿ ಕಾಲಿಗೆ ಹಿಡಿಸಲಿಲ್ಲ. ಪಾದ ಊದಿಕೊಂಡಿತ್ತು. ಒತ್ತಿದರೆ ಬೆರಳಿನ ಗುಳಿ ಹಾಗೆಯೇ ಉಳಿಯಿತು. ಚಿಕ್ಕೋಡಿಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿದರೆ ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು. ಇನ್ನು ಬದುಕಿರುವಷ್ಟು ದಿನ ವಾರಕ್ಕೆ ಎರಡು ಸಲ ಡಯಾಲಿಸಿಸ್.

ಮೊದಲ ಸಲ ಆ ಯಂತ್ರದ ಪಕ್ಕ ನಿಂತಾಗ ಅಳು ಬರಲಿಲ್ಲ, ಸಿಟ್ಟು ಬಂತು. ಅಲ್ಲಿಯ ಟೆಕ್ನಿಷಿಯನ್ ಹುಡುಗಿ ನನಗೆ ವಿವರಿಸತೊಡಗಿದಳು. ನಳಿಗೆಯಲ್ಲಿ ತೆಳುವಾದ ಪೊರೆ ಇದೆ, ಒಂದು ಕಡೆ ರಕ್ತ, ಇನ್ನೊಂದು ಕಡೆ ದ್ರಾವಣ, ದಟ್ಟವಾಗಿರುವ ಕಡೆಯಿಂದ ತೆಳುವಾಗಿರುವ ಕಡೆಗೆ ಹೊಲಸು ಸರಿಯುತ್ತದೆ ಅಂದಳು. ತಾಯಿ, ಇದನ್ನೇ ನಾನು ಇಷ್ಟು ವರ್ಷ ಬೋರ್ಡಿನ ಮೇಲೆ ಬರೆಯುತ್ತಿದ್ದೇನೆ, ನನಗೇ ಪಾಠ ಹೇಳಬೇಡ ಎಂದು ಬಾಯಿತನಕ ಬಂದದ್ದನ್ನು ನುಂಗಿಕೊಂಡೆ. ಮಂಚದ ಮೇಲಿಂದ ನಮ್ಮವರು ನನ್ನ ಮುಖ ನೋಡಿ ನಕ್ಕರು. ಶಾಲೆಯ ಮಕ್ಕಳು ಕರೆಯುವ ಹಾಗೆ ಅಕ್ಕೋರ ಎಂದು ಕರೆದು ನನ್ನನ್ನು ಕಾಡಿಸುವುದು ಅವರ ರೂಢಿ. ಅವತ್ತೂ ಬಿಡಲಿಲ್ಲ.

“ಅಕ್ಕೋರ, ನಿಮ್ಮ ಪಾಠದಾಗ ನಾನೂ ಬಂದ್ನಿ ನೋಡ್ರಿ.”

ವೈದ್ಯರು ಮೂರು ಕಟ್ಟಳೆ ಹಾಕಿದರು. ನೀರು ದಿನಕ್ಕೆ ಒಂದು ಸಣ್ಣ ತಂಬಿಗೆ, ಚಹಾ ಸಾರು ಎಲ್ಲ ಅದರೊಳಗೇ. ಹಣ್ಣು, ಎಳನೀರು, ಆಲೂಗಡ್ಡೆ ಬೇಡ. ಉಪ್ಪು ಬಂದ್. ಉಪ್ಪಿನದೇ ಮುಖ್ಯ ಎಂದು ಒತ್ತಿ ಹೇಳಿದರು. ಉಪ್ಪು ತಿಂದರೆ ಬಾಯಾರುತ್ತದೆ, ನೀರು ಕುಡಿಯುತ್ತಾರೆ, ಕುಡಿದ ನೀರು ಹೊರಗೆ ಹೋಗುವ ದಾರಿ ಇಲ್ಲ, ಮೊದಲು ಕಾಲಿಗೆ, ಆಮೇಲೆ ಎದೆಗೆ ತುಂಬಿಕೊಳ್ಳುತ್ತದೆ. ನನಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಅಥಣಿ ಕಡೆಯಿಂದ ಬರುವ ಒಣದ್ರಾಕ್ಷಿಯನ್ನು ನೀರಿನಲ್ಲಿ ಹಾಕಿ ಉಬ್ಬಿಸಿ, ಉಬ್ಬಿದ್ದನ್ನು ದಟ್ಟ ಉಪ್ಪುನೀರಿಗೆ ಹಾಕಿ ಮತ್ತೆ ಮುದುಡಿಸಿ ಮಕ್ಕಳಿಗೆ ತೋರಿಸುವವಳು ನಾನು. ಉಪ್ಪು ಎಲ್ಲಿರುತ್ತದೋ ನೀರನ್ನು ಅಲ್ಲಿಗೆ ಎಳೆಯುತ್ತದೆ ಎಂದು ಹೇಳುವಾಗ ಮಕ್ಕಳು ದ್ರಾಕ್ಷಿ ನೋಡುತ್ತಿದ್ದರು, ನನ್ನ ಕಣ್ಣ ಮುಂದೆ ಮನೆಯಲ್ಲಿದ್ದ ಪಾದಗಳು ಬರುತ್ತಿದ್ದವು.

ಅಡುಗೆಮನೆ ನನ್ನ ಅತ್ತೆಯವರದು. ತವರು ನಿಪ್ಪಾಣಿ ಕಡೆ, ಹುಟ್ಟು ಮಾತು ಮರಾಠಿ. ಮದುವೆಯಾಗಿ ಬಂದ ಮೇಲೆ ಕನ್ನಡ ಕಲಿತು ನಮ್ಮೆಲ್ಲರಿಗಿಂತ ಜೋರಾಗಿ ಆಡುತ್ತಾರೆ. ಕೊರಳಲ್ಲಿ ತುಳಸಿಮಾಲೆ, ಮನೆಯಲ್ಲಿ ವಿಠೋಬನ ಫೋಟೊ, ತಿಂಗಳಿಗೆ ಎರಡು ಏಕಾದಶಿ. ಏಕಾದಶಿಯ ದಿನ ಸಾಬೂದಾಣಿ ಖಿಚಡಿ ಮಾಡುತ್ತಾರೆ, ಅದಕ್ಕೆ ದಿನದ ಉಪ್ಪು ಹಾಕುವುದಿಲ್ಲ. ದೇವರ ಜಗಲಿಯ ಮೇಲೆ ಒಂದು ಹಿತ್ತಾಳೆಯ ಡಬ್ಬಿ, ಅದರಲ್ಲಿ ನಸುಗೆಂಪು ಬಣ್ಣದ ಕಲ್ಲುಗಳು. ಕನ್ನಡದಲ್ಲಿ ಸೈಂಧವ ಲವಣ ಅನ್ನುತ್ತೇವೆ. ಅತ್ತೆಯವರ ಮಾತಿನಲ್ಲಿ ಅದು ಶೇಂದೇಲೋಣ. ದಿನದ ಉಪ್ಪು ಮೀಠ. ಉಪವಾಸದಲ್ಲಿ ಮೀಠ ಮುಟ್ಟಿದರೆ ಉಪವಾಸ ಮುರಿಯುತ್ತದೆ, ಶೇಂದೇಲೋಣ ನಡೆಯುತ್ತದೆ. ಅವರ ಅಜ್ಜಿ, ಅವರ ತಾಯಿ ಎಲ್ಲರೂ ಹಾಗೆಯೇ ನಡೆಸಿಕೊಂಡು ಬಂದವರು. ನಾನೂ ಆ ಖಿಚಡಿ ತಿಂದು ಚೆನ್ನಾಗಿದೆ ಅಂದವಳೇ.

ವೈದ್ಯರು ಅತ್ತೆಯವರ ಮುಖ ನೋಡಿದ ಕೂಡಲೇ ಮರಾಠಿಯಲ್ಲೇ ಮಾತಾಡಿದ್ದರು. ಆಜೀ, ಮೀಠ ಪೂರ್ತಿ ಬಂದ್ ಮಾಡಬೇಕು ಎಂದು ಹೇಳಿದ್ದರು. ಅತ್ತೆಯವರು ತಲೆಯಾಡಿಸಿದರು, ಮನೆಗೆ ಬಂದು ಮೀಠದ ಡಬ್ಬಿಯನ್ನು ತಾವೇ ಎತ್ತಿ ಅಟ್ಟದ ಮೇಲಿನ ಸಾಲಿಗೆ ಇಟ್ಟರು. ಮಗನಿಗೆ ಒಂದು ಬೇರೆ ಪಾತ್ರೆ ಮಾಡಿದರು. ನನಗೂ ತಮಗೂ ಮಾಡಿದ ಅಡುಗೆಗೆ ಮಾತ್ರ ಕೊನೆಯಲ್ಲಿ ಡಬ್ಬಿ ಕೆಳಗೆ ಇಳಿಯುತ್ತಿತ್ತು. ಅವರಷ್ಟು ಕಟ್ಟುನಿಟ್ಟು ನಾನೂ ಇರಲಿಲ್ಲ. ಭಲೇ ಅತ್ತೆ ಎಂದು ಶಾಲೆಯಲ್ಲಿ ಎಲ್ಲರ ಮುಂದೆ ಹೇಳಿಕೊಂಡಿದ್ದೆ.

ಮೊದಮೊದಲು ನಮ್ಮವರಿಗೆ ಊಟ ಹೋಗಲೇ ಇಲ್ಲ. ಸಪ್ಪೆ ಝುಣಕಾ, ಸಪ್ಪೆ ಬೇಳೆ. ರೊಟ್ಟಿ ಮುರಿದು ಕೈಯಲ್ಲಿ ಹಿಡಿದು ಗೋಡೆ ನೋಡುತ್ತ ಕೂರುತ್ತಿದ್ದರು. ಹೊಲದಲ್ಲಿ ಕೂತು ಮೆಣಸಿನಕಾಯಿ ಹಿಂಡಿಯ ಜೊತೆ ನಾಲ್ಕು ರೊಟ್ಟಿ ಬಾರಿಸುತ್ತಿದ್ದ ಮನುಷ್ಯ. ಮುಖದ ಎಲುಬು ಎದ್ದು ಕಂಡವು. ಆಮೇಲೆ ನಿಧಾನವಾಗಿ ಊಟ ಹಿಡಿಯಿತು. ಅರ್ಧ ರೊಟ್ಟಿ ಒಂದಾಯಿತು, ಒಂದು ಎರಡಾಯಿತು. ಅತ್ತೆಯವರ ಮುಖ ಅರಳಿತು. ಬಾಯಿಗೆ ಸಪ್ಪೆ ರೂಢಿಯಾಯಿತು ಎಂದುಕೊಂಡು ನಾನೂ ಹಗುರಾದೆ. ನಮ್ಮವರ ಪಾತ್ರೆಗೆ ನಾನು ಯಾವತ್ತೂ ಚಮಚ ಹಾಕಿರಲಿಲ್ಲ. ಅಂಥ ಸಪ್ಪೆಯನ್ನು ಸುಮ್ಮನೆ ಯಾರು ರುಚಿ ನೋಡುತ್ತಾರೆ?

ಆದರೆ ಚಿಕ್ಕೋಡಿಯ ತಕ್ಕಡಿ ಬೇರೆ ಮಾತು ಹೇಳತೊಡಗಿತು. ಡಯಾಲಿಸಿಸ್‌ಗೆ ಹೋದಾಗಲೆಲ್ಲ ಮೊದಲು ತೂಕ ನೋಡುತ್ತಾರೆ. ಹಿಂದಿನ ಸಲ ಇಳಿಸಿ ಕಳಿಸಿದ್ದಕ್ಕಿಂತ ಎಷ್ಟು ಏರಿದೆಯೋ ಅಷ್ಟೂ ನೀರು. ಅದು ಸಲದಿಂದ ಸಲಕ್ಕೆ ಹೆಚ್ಚುತ್ತಿತ್ತು. ಟೆಕ್ನಿಷಿಯನ್ ಹುಡುಗಿ ನನ್ನನ್ನು ಬದಿಗೆ ಕರೆದು ಉಪ್ಪು ಎಲ್ಲಿಂದಲೋ ಹೊಟ್ಟೆಗೆ ಹೋಗುತ್ತಿದೆ, ನೋಡಿಕೊಳ್ಳಿ ಅಂದಳು. ನನಗೆ ತಡೆಯಲಾಗಲಿಲ್ಲ. ಬಸ್ ಸ್ಟ್ಯಾಂಡಿನ ಗಾಡಿಯಲ್ಲಿ ಭಡಂಗ ಚುರುಮುರಿ, ವಡಾಪಾವ್ ತಿನ್ನುತ್ತಾರೆ, ಇನ್ನೇನು? ಅಂಗಡಿಗೆ ದಿನಕ್ಕೆ ಎರಡು ತಾಸು ಹೋಗಿ ಕೂತು ಬರುತ್ತಿದ್ದರು. ಬಂದ ಕೂಡಲೇ ಅಂಗಿಯ ಜೇಬು ತಡಕಿದೆ, ಬಾಯಿ ವಾಸನೆ ನೋಡಿದೆ. ಸಾಯಬೇಕೆಂದಿದ್ದರೆ ಸೀದಾ ಹೇಳಿಬಿಡಿ, ನನ್ನನ್ನು ಯಾಕೆ ಚಿಕ್ಕೋಡಿಗೆ ಅಲೆಸುತ್ತೀರಿ ಎಂದು ಕೂಗಾಡಿದೆ. ಅವರು ಎರಡೂ ಕೈ ಮೇಲೆತ್ತಿ ತನಿಖೆಗೆ ನಿಂತವರ ಹಾಗೆ ನಿಂತಿದ್ದರು. ಸಿಕ್ಕಿತೇನ್ರಿ ಅಕ್ಕೋರ ಎಂದು ಕೇಳಿದರು. ಜೇಬಿನಲ್ಲಿ ಟೆಸ್ಟರ್ ಮತ್ತು ಒಂದು ತುಂಡು ತಂತಿ ಬಿಟ್ಟರೆ ಏನೂ ಇರಲಿಲ್ಲ.

ಒಂದು ರವಿವಾರ ಬೆಳಿಗ್ಗೆ ಅತ್ತೆಯವರು ಸ್ನಾನಕ್ಕೆ ಹೋಗಿದ್ದರು. ನಮ್ಮವರ ಪಾತ್ರೆಯ ಬೇಳೆ ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಒರೆಸಿದೆ, ಬೆರಳಿಗೆ ಅಂಟಿದ್ದನ್ನು ಸುಮ್ಮನೆ ಬಾಯಿಗೆ ಹಾಕಿಕೊಂಡೆ. ಹದವಾಗಿ ಉಪ್ಪಿತ್ತು. ನನ್ನ ಪಾತ್ರೆಯನ್ನೇ ಮುಟ್ಟಿದೆನೇನೋ ಎಂದು ಇನ್ನೊಮ್ಮೆ ನೋಡಿದೆ. ಅಲ್ಲ, ಅವರದೇ. ತಲೆಗೂದಲಿಗೆ ಟವೆಲ್ ಸುತ್ತಿಕೊಂಡು ಅತ್ತೆಯವರು ಬಂದ ಕೂಡಲೇ ಮೈಮೇಲೆ ಹೋದೆ. ಹೆತ್ತ ಮಗನಿಗೆ ವಿಷ ಹಾಕುತ್ತಿದ್ದೀರಾ ಎಂದೂ ಅಂದೆ. ಅವರು ಸಿಟ್ಟಾಗಲಿಲ್ಲ, ಹೆದರಲೂ ಇಲ್ಲ. ಜಗಲಿಯ ಮೇಲಿಂದ ಹಿತ್ತಾಳೆಯ ಡಬ್ಬಿ ತಂದು ನನ್ನ ಮುಂದೆ ಮುಚ್ಚಳ ತೆಗೆದರು.

“ಇದು ಮೀಠ ಅಲ್ಲವ್ವಾ, ಶೇಂದೇಲೋಣ. ಉಪಾಸಕ್ಕ ನಡಿಯೂದು ಇವಂಗ ನಡ್ಯಾಂಗಿಲ್ಲೇನ?”

ಅವರ ದನಿಯಲ್ಲಿ ಹೆಮ್ಮೆ ಇತ್ತು. ವೈದ್ಯರ ಮಾತೂ ಮೀರಲಿಲ್ಲ, ಮಗನ ಬಾಯಿಗೂ ರುಚಿ ಸಿಕ್ಕಿತು, ನಿಮಗ್ಯಾರಿಗೂ ಹೊಳೆಯದ ದಾರಿ ನನಗೆ ಹೊಳೆಯಿತು ಎಂಬ ಹಾಗೆ. ಆ ಕಲ್ಲನ್ನೂ ನಮ್ಮ ಉಪ್ಪನ್ನೂ ಒಡೆದು ನೋಡಿದರೆ ಒಳಗಿರುವುದು ಅದೇ ಸೋಡಿಯಂ, ಅದೇ ಕ್ಲೋರಿನ್. ಒಂದು ಸಮುದ್ರದ ನೀರು ಆರಿ ಈಗ ಸಿಕ್ಕಿದ್ದು, ಇನ್ನೊಂದು ಎಂದೋ ಆರಿಹೋದ ಸಮುದ್ರ ಗುಡ್ಡದ ಹೊಟ್ಟೆಯಲ್ಲಿ ಕಲ್ಲಾಗಿದ್ದು. ಮಣ್ಣಿನ ಅಂಶ ಸೇರಿ ಬಣ್ಣ ಬಂದಿದೆ ಅಷ್ಟೇ. ಇದನ್ನೆಲ್ಲ ಹೇಳಿದೆ. ಹೆಸರೇ ಬೇರೆ ಇರುವಾಗ ವಸ್ತು ಒಂದೇ ಹೇಗಾಗುತ್ತದೆ ಎಂದು ಅವರು ಕೇಳಿದರು.

ಮಾತಿಗೆ ಬಗ್ಗದಿದ್ದರೆ ಮಾಡಿ ತೋರಿಸಬೇಕು, ನನ್ನ ದಾರಿಯೇ ಅದು. ಎರಡು ಸ್ಟೀಲ್ ತಾಟು ತಂದೆ. ಒಂದು ಲೋಟದಲ್ಲಿ ಮೀಠ, ಇನ್ನೊಂದರಲ್ಲಿ ಕುಟ್ಟಿದ ಶೇಂದೇಲೋಣ. ತಳದಲ್ಲಿ ಹರಳು ಉಳಿದು, ಇನ್ನು ಎಷ್ಟು ಕದಡಿದರೂ ಕರಗದು ಎನ್ನುವ ತನಕ ಹಾಕಿದೆ. ಶಾಲೆಯಲ್ಲಿ ಇದನ್ನು ಪರ್ಯಾಪ್ತ ದ್ರಾವಣ ಎಂದು ಕಲಿಸುತ್ತೇವೆ, ನೀರಿಗೂ ಒಂದು ಸಾಕು ಎಂಬುದಿದೆ ಎಂದು ಅರ್ಥ. ಬಟ್ಟೆಯಲ್ಲಿ ಸೋಸಿದಾಗ ಶೇಂದೇಲೋಣದ ಕೆಂಪು ಮಣ್ಣು ಬಟ್ಟೆಯ ಮೇಲೇ ಉಳಿಯಿತು. ನೀರು ಎರಡೂ ತಿಳಿ. ತಾಟಿಗೆ ಸುರಿದು ಮಾಳಿಗೆಯ ಬಿಸಿಲಿಗಿಟ್ಟೆ. ಸಂಜೆಗೆ ಎರಡು ತಾಟಿನಲ್ಲೂ ಬಿಳಿ ಹರಳು ಕಟ್ಟಿತ್ತು, ಸಣ್ಣ ಸಣ್ಣ ಚೌಕ, ಅದೇ ಆಕಾರ. ಅದಲು ಬದಲು ಮಾಡಿಟ್ಟು ಯಾವುದು ಯಾವುದು ಹೇಳಿ ನೋಡೋಣ ಅಂದೆ. ಅತ್ತೆಯವರು ಬಗ್ಗಿ ಬಹಳ ಹೊತ್ತು ನೋಡಿದರು. ಅಕ್ಕಿ ಹಿಟ್ಟೂ ಬೆಳ್ಳಗಿರುತ್ತದೆ, ಸುಣ್ಣವೂ ಬೆಳ್ಳಗಿರುತ್ತದೆ ಅಂದರು. ರುಚಿ ನೋಡಿ ಎಂದು ತಾಟು ಮುಂದೆ ಹಿಡಿದೆ. ಕೈ ಹಿಂದೆ ತೆಗೆದುಕೊಂಡರು. ಆಮೇಲೆ ಕೇಳಿದರು.

“ಇದೂ ಉಪ್ಪ ಅಂದ್ರ, ನಾ ಇಷ್ಟ ವರ್ಷ ಹಿಡದ ಏಕಾದಶಿ ಎಲ್ಲಾ ಎಲ್ಲಿಗ್ಹೋದವು?”

ನಮ್ಮವರು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಒಳಗೆ ಬಂದು ಆಯಿ, ಇನ್ನು ಮೇಲೆ ಹಾಕಬೇಡ ಎಂದು ತಾಯಿಗೆ ಹೇಳಿದರು, ನೀನೂ ಸಾಕು ಮಾಡು ಎಂದು ನನಗೆ ಹೇಳಿದರು. ಮೋಟರ್ ಬಿಚ್ಚಿ ಕಟ್ಟುವ ಮನುಷ್ಯನ ನಾಲಿಗೆಗೆ ಉಪ್ಪು ಯಾವುದು ಎಂದು ತಿಳಿಯದೇ ಇರುತ್ತದೆಯೇ? ತಿಳಿದೇ ತಿಂದಿದ್ದರು. ಏಕಾಂತದಲ್ಲಿ ಕೇಳಿದಾಗ ಒಪ್ಪಿಕೊಂಡರು. ಆಯಿ ಎದುರಿಗೆ ಕೂತು ತುತ್ತು ಎಣಿಸುತ್ತಾಳೆ, ಬೇಡ ಅಂದರೆ ಅವಳಿಗೂ ಊಟವಿಲ್ಲ ಅಂದರು.  ಹಿತ್ತಾಳೆಯ ಡಬ್ಬಿಯನ್ನು ನನ್ನ ಕಪಾಟಿನಲ್ಲಿಟ್ಟು ಕೀಲಿ ಹಾಕಿದೆ. ತಾಟುಗಳನ್ನು ತೊಳೆಯುವ ಪಾತ್ರೆಗಳ ಜೊತೆ ಬಚ್ಚಲಲ್ಲಿಟ್ಟೆ.

ಅವತ್ತಿನಿಂದ ಅವರ ಪಾತ್ರೆಯ ರುಚಿ ನಾನು ನೋಡದೆ ಶಾಲೆಗೆ ಹೋಗಲಿಲ್ಲ. ಸಂಜೆಯದನ್ನೂ ನೋಡುತ್ತಿದ್ದೆ. ಸಪ್ಪೆ, ಶುದ್ಧ ಸಪ್ಪೆ. ಅತ್ತೆಯವರು ನನ್ನೊಂದಿಗೆ ಜಗಳವಾಡಲಿಲ್ಲ. ಮುಂದಿನ ಏಕಾದಶಿಯ ದಿನ ತಮ್ಮ ಖಿಚಡಿಗೂ ಏನೂ ಹಾಕದೆ ತಿಂದರು. ಡಬ್ಬಿ ಕೊಡಲೇ ಎಂದು ಕೇಳಿದರೆ ಬೇಡ ಅಂದರು. ಮಗನಿಗಾಗಿ ಹರಕೆ ಹೊತ್ತಿರಬೇಕು ಎಂದುಕೊಂಡೆ. ಹರಕೆಯಿಂದಾದರೂ ಸುಮ್ಮನಿದ್ದರಲ್ಲ, ಅಷ್ಟೇ ಸಾಕಾಗಿತ್ತು ನನಗೆ.

ನಮ್ಮವರು ಮತ್ತೆ ಸೊರಗಿದರು. ತೂಕದ ಏರು ಕಡಿಮೆಯಾಯಿತು, ಟೆಕ್ನಿಷಿಯನ್ ಹುಡುಗಿ ನನ್ನನ್ನು ಹೊಗಳಿದಳು. ಆದರೆ ಮನುಷ್ಯನೇ ಕಡಿಮೆಯಾಗುತ್ತಿದ್ದ. ಅಂಗಡಿಗೆ ಹೋಗುವುದು ನಿಂತಿತು. ಬೆಳಗಾವಿಯಲ್ಲಿ ಡಿಪ್ಲೊಮಾ ಓದುತ್ತಿದ್ದ ನಮ್ಮ ಮಗ ಬಂದರೆ ಎದ್ದು ಕೂರುತ್ತಿದ್ದರು, ಅವನು ಬಸ್ ಹತ್ತಿದ ಕೂಡಲೇ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು. ಮಳೆಗಾಲ ಹಾಗೇ ಕಳೆಯಿತು. ದೀಪಾವಳಿ ಮುಗಿದು ಕಾರ್ಖಾನೆಗಳು ಕಬ್ಬು ನುರಿಸಲು ಶುರು ಮಾಡುವ ಹೊತ್ತಿಗೆ ಸ್ವಲ್ಪ ಗೆಲುವಾದರು. ಮಧ್ಯಾಹ್ನ ಎರಡು ರೊಟ್ಟಿ ಉಂಡ ಎಂದು ನಾನು ಶಾಲೆಯಿಂದ ಬಂದಾಗ ಅತ್ತೆಯವರು ವರದಿ ಒಪ್ಪಿಸುತ್ತಿದ್ದರು. ಪಾದ ಒತ್ತಿ ನೋಡಿದೆ, ಗುಳಿ ಬೀಳುತ್ತಿತ್ತು, ಚಿಕ್ಕೋಡಿಯ ತಕ್ಕಡಿಯಲ್ಲೂ ತೂಕ ಸ್ವಲ್ಪ ಏರಿತ್ತು. ಹೃದಯವೂ ಸೋತಿದೆ, ಇನ್ನು ಊತ ಇದ್ದದ್ದೇ ಎಂದು ವೈದ್ಯರು ಮೊದಲೇ ಹೇಳಿಬಿಟ್ಟಿದ್ದರು. ಅದಕ್ಕೇ ಇರಬೇಕು ಎಂದುಕೊಂಡೆ.

ಒಂದು ಮಧ್ಯಾಹ್ನ ಶಾಲೆಗೆ ಫೋನ್ ಬಂತು. ನಾನು ಮನೆ ಮುಟ್ಟುವಷ್ಟರಲ್ಲಿ ಪಕ್ಕದ ಮನೆಯವರು ಗಾಡಿ ತಂದಿದ್ದರು. ನಮ್ಮವರು ಹಿಂದಿನ ಸೀಟಿನಲ್ಲಿ ಮುಂದಕ್ಕೆ ಬಾಗಿ ಕೂತು ಗಾಳಿ ಎಳೆಯುತ್ತಿದ್ದರು. ಮಲಗಿಸಿದರೆ ಉಸಿರೇ ಸಿಗುತ್ತಿರಲಿಲ್ಲ. ಚಿಕ್ಕೋಡಿ ರಸ್ತೆಯ ತುಂಬ ಕಬ್ಬಿನ ಟ್ರ್ಯಾಕ್ಟರುಗಳು, ಒಂದಕ್ಕೆ ಎರಡೆರಡು ಟ್ರೇಲರ್. ಹಾರ್ನ್ ಹೊಡೆದರೂ ಸರಿಯಲು ಜಾಗವಿಲ್ಲ. ನಾನು ಕಿಟಕಿಯಿಂದ ಅರ್ಧ ಹೊರಗೆ ಬಂದು ಕಂಡ ಕಂಡ ಡ್ರೈವರುಗಳನ್ನು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದೆ. ನಮ್ಮವರು ನನ್ನ ಸೆರಗು ಹಿಡಿದು ಎಳೆದರು. ಒಳಗೆ ಕೂತು ಅವರ ಬೆನ್ನು ನೀವಿದೆ. ಊರು ಮುಟ್ಟುವ ಮೊದಲೇ ಅವರ ಬೆನ್ನು ನನ್ನ ಕೈಯಡಿ ಏಳುವುದು ಇಳಿಯುವುದು ನಿಂತಿತು.

ವೈದ್ಯರು ಎದೆಯ ತುಂಬ ನೀರು ತುಂಬಿತ್ತು ಅಂದರು. ಉಪ್ಪೋ ನೀರೋ ಹೆಚ್ಚಾಗಿತ್ತೇ ಎಂದು ಮೆಲ್ಲಗೆ ಕೇಳಿದರು. ಸಾಧ್ಯವೇ ಇಲ್ಲ, ನಾನೇ ದಿನಾ ರುಚಿ ನೋಡುತ್ತಿದ್ದೆ ಎಂದು ಪರೀಕ್ಷೆಯಲ್ಲಿ ಸರಿ ಉತ್ತರ ಹೇಳುವವಳ ಹಾಗೆ ತಲೆಯೆತ್ತಿ ಹೇಳಿದೆ. 

ದಿನಕರ್ಮಗಳು ಮುಗಿದವು. ಮಗ ಬೆಳಗಾವಿಗೆ ಹೋದ. ಅಂಗಡಿಯ ಕೀಲಿ ಮೊಳೆಗೆ ನೇತುಬಿತ್ತು. ನಾನು ಶಾಲೆಗೆ ಹೋದೆ, ಹೋಗದೆ ಏನು ಮಾಡಲಿ? ಮನೆಯಲ್ಲಿ ನಾವಿಬ್ಬರು ಹೆಂಗಸರು ಒಂದೇ ಪಾತ್ರೆಯಲ್ಲಿ ಅಡುಗೆ ಮಾಡಿಕೊಂಡು ಬೇರೆ ಬೇರೆ ಹೊತ್ತಿಗೆ ಉಣ್ಣುತ್ತಿದ್ದೆವು. ನನ್ನ ಬಾಯಿ ಜೋರು ಎಂದು ಊರಿಗೆಲ್ಲ ಗೊತ್ತು, ಆ ದಿನಗಳಲ್ಲಿ ಮಾತ್ರ ಮನೆಯೊಳಗೆ ನನ್ನ ದನಿ ಏಳುತ್ತಿರಲಿಲ್ಲ. ಶಾಲೆಯಲ್ಲಿ ಹೊಸ ವರ್ಷ ಶುರುವಾಗಿ ದ್ರಾವಣಗಳ ಪಾಠ ಬಂತು. ಬೇರೆ ಯಾರಾದರೂ ತೆಗೆದುಕೊಳ್ಳಲಿ ಎಂದು ಮುಖ್ಯ ಗುರುಗಳು ಅಂದರು. ಬೇಡ ಅಂದೆ. ಲೋಟ, ಉಪ್ಪು, ತಕ್ಕಡಿ, ಎಲ್ಲ ಎಂದಿನಂತೆ ಮಾಡಿದೆ. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು ಉಪ್ಪು ಕರಗಿ ಹೋತ್ರಿ ಅಂದಳು. ಹೋಗಿಲ್ಲ, ಕೂತುಕೋ ಅಂದೆ. ಅವಳು ನನ್ನ ಮುಖ ನೋಡಿ ಹೆದರಿ ಕೂತಳು.

ಅವತ್ತು ಏಕಾದಶಿ. ಮನೆಗೆ ಬಂದಾಗ ಅತ್ತೆಯವರು ಅಡುಗೆಮನೆಯಲ್ಲಿ ಸಾಬೂದಾಣಿ ಮುಂದಿಟ್ಟುಕೊಂಡು ಕೂತಿದ್ದರು. ಇನ್ನೂ ಸಪ್ಪೆಯೇ. ಯಾರಿಗಾಗಿ ಹರಕೆ ಇನ್ನು? ಕಪಾಟಿನ ಕೀಲಿ ತೆಗೆದು ಹಿತ್ತಾಳೆಯ ಡಬ್ಬಿ ತಂದು ಅವರ ಮುಂದಿಟ್ಟೆ. ಹಾಕಿಕೊಳ್ಳಿ ಅತ್ತಿ, ಇನ್ನು ಇದನ್ನು ಮುಚ್ಚಿಟ್ಟು ಏನು ಮಾಡುವುದಿದೆ ಅಂದೆ. ಅವರು ತಾಟಿನ ಮೇಲೆ ಅಂಗೈ ಅಡ್ಡ ಹಿಡಿದರು. ಉಪವಾಸಕ್ಕೆ ಉಪ್ಪು ನಡೆಯುವುದಿಲ್ಲ ಅಂದರು. ಇದು ಶೇಂದೇಲೋಣ ಅಲ್ಲವೇ ಎಂದು ನಾನೇ ಕೇಳಿದೆ. ನನ್ನ ಬಾಯಿಂದ ಆ ಮಾತು ಬಂದದ್ದು ನನಗೇ ವಿಚಿತ್ರ ಅನ್ನಿಸಿತು.

“ನೀ ಬಚ್ಚಲದಾಗ ಇಟ್ಟಿದ್ದೆಲಾ ಆ ತಾಟು, ನಾ ಎರಡೂ ನೆಕ್ಕಿ ನೋಡಿದ್ನಿ. ಒಂದ ರುಚಿ ಅವ್ವಾ.”

ನಾನು ನೆಲದ ಮೇಲೆ ಕೂತೆ. ಹಾಗಾದರೆ ಆ ಸಪ್ಪೆ ಖಿಚಡಿ ಹರಕೆಯದಲ್ಲ. ನಾನು ಮಾಡಿ ತೋರಿಸಿದ್ದನ್ನು ಅವರು ಅವತ್ತೇ ಕಲಿತಿದ್ದರು, ಒಂದು ಆಯುಷ್ಯದ ಏಕಾದಶಿಗಳನ್ನು ಒಳಗೊಳಗೇ ಬಿಟ್ಟುಕೊಟ್ಟಿದ್ದರು, ನನಗೆ ಹೇಳಿರಲಿಲ್ಲ. ಕೊನೆಯ ಮಧ್ಯಾಹ್ನಗಳ ಎರಡೆರಡು ರೊಟ್ಟಿ ಆಗ ನೆನಪಾಯಿತು. ನಾನು ಬೆಳಿಗ್ಗೆ ರುಚಿ ನೋಡಿ ಬಸ್ ಹತ್ತಿದ ಮೇಲೆ ಏನಾಗುತ್ತಿತ್ತು ಎಂದು ಕೇಳಲು ಧೈರ್ಯ ಬರಲಿಲ್ಲ. ಅವರೇ ಹೇಳಿದರು. ಮಧ್ಯಾಹ್ನ ಊಟಕ್ಕೆ ಕೂತಾಗ ಮಗ ಅಂಗೈ ಒಡ್ಡುತ್ತಿದ್ದ. ಒಂದು ಚಿಟಿಕೆ ಆಯಿ, ಅಕ್ಕೋರಿಗೆ ಹೇಳಬೇಡ ಅನ್ನುತ್ತಿದ್ದ. ಇವರು ಹಾಕುತ್ತಿದ್ದರು. ಯಾವ ಉಪ್ಪು ಎಂದು ಕೇಳಿದೆ, ಅಂಥ ಹೊತ್ತಿನಲ್ಲೂ ನನ್ನ ಬುದ್ಧಿ ಅಲ್ಲಿಗೇ ಹೋಯಿತು. ಅಟ್ಟದ ಸಾಲಿನಲ್ಲಿದ್ದ ನಿನ್ನ ಡಬ್ಬಿಯದೇ ಅಂದರು, ಎಲ್ಲ ಒಂದೇ ಎಂದು ನೀನೇ ತೋರಿಸಿದ್ದೆಯಲ್ಲ.

 ಗೊತ್ತಿದ್ದೂ ಹಾಕಿದಿರಾ ಎಂದು ಕೇಳಿದೆ. ಅತ್ತೆಯವರು ನನ್ನ ಕಡೆ ನೋಡಲಿಲ್ಲ, ಸಾಬೂದಾಣಿಯ ಕಾಳುಗಳನ್ನು ಬೆರಳಿನಿಂದ ಬಿಡಿಸುತ್ತಿದ್ದರು.

“ಗೊತ್ತಿದ್ದ ಹಾಕಿದ್ನಿ. ಉಳ್ಯಾಂಗಿಲ್ಲಂತ ಅವಂಗೂ ತಿಳದಿತ್ತು, ನನಗೂ ತಿಳದಿತ್ತು. ಹಸಿವಿಲೆ ಕಳಸಾಕ ನನ್ನ ಕೈಲೆ ಆಗಲಿಲ್ಲ.”

ಇಷ್ಟು ವರ್ಷ ಬೇರೆಯವರ ವಾಕ್ಯಗಳಲ್ಲಿ ತಪ್ಪು ಹುಡುಕಿ ಸಂಬಳ ತೆಗೆದುಕೊಂಡವಳು ನಾನು. ಆ ಮಾತಿನಲ್ಲಿ ಯಾವ ಪದವನ್ನು ಹೊಡೆಯಬೇಕೋ ನನಗೆ ತಿಳಿಯಲಿಲ್ಲ. ಸಿಟ್ಟು ಇತ್ತು, ಈಗಲೂ ಇದೆ. ಅದು ಅವರ ಮೇಲೋ, ಅಂಗೈ ಒಡ್ಡಿದವರ ಮೇಲೋ ಎಂದು ಈಗಲೂ ಹೇಳಲಾರೆ. ಡಬ್ಬಿಯ ಮುಚ್ಚಳ ಹಾಕಿದೆ. ಒಂದು ತಾಟು ತಂದು ಅವರ ಪಕ್ಕ ಕೂತೆ, ಅವರು ತಮ್ಮದರಲ್ಲಿ ಅರ್ಧ ನನಗೆ ಹಾಕಿದರು.